ಒಂದೇ ಬಾಗಿಲಿನ ನಳಿಕೆ

ಮೊಳೆ ಹೊಡೆಯುವ ದಿನ ಗೊತ್ತಾದ ಮೇಲೆ ಹಿಲ್ಲೆವಿಯನ್ನು ಕಂಡವರೆಲ್ಲ ಅದೊಂದನ್ನೇ ಮಾತಾಡುತ್ತಿದ್ದರು. ಬರುವ ವಾರದ ಗುರುವಾರ. ಪಿಎಚ್‌ಡಿ ಮುಗಿಸುವವರು ತಮ್ಮ ಪ್ರಬಂಧದ ಪುಸ್ತಕದ ಮೂಲೆಗೆ ತೂತು ಕೊರೆದು, ದಾರ ಪೋಣಿಸಿ, ಮೆಟ್ಟಿಲ ಪಕ್ಕದ ಮರದ ಹಲಗೆಗೆ ಎಲ್ಲರೆದುರು ಮೊಳೆ ಹೊಡೆದು ತೂಗುಹಾಕಬೇಕು. ಸ್ಟಾಕ್‌ಹೋಮಿನಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಆಮೇಲೆ ಮೂರು ವಾರ ಪುಸ್ತಕ ಅಲ್ಲೇ ತೂಗುತ್ತದೆ. ಹಾದುಹೋಗುವವರು ಯಾರು ಬೇಕಾದರೂ ಬಿಡಿಸಿ ಓದಬಹುದು, ತಪ್ಪು ಹುಡುಕಬಹುದು. ಬರೆದವರು ಮಾತ್ರ ಮತ್ತೆ ಕೈಯಾಡಿಸುವಂತಿಲ್ಲ. ಮೂರು ವಾರ ಕಳೆದ ಮೇಲೆ ತುಂಬಿದ ಸಭೆಯಲ್ಲಿ, ಹೊರದೇಶದಿಂದ ಕರೆಸಿದ ಎದುರಾಳಿಯೊಬ್ಬರು ಪುಟ ಪುಟ ತಿರುವಿ ಪ್ರಶ್ನೆ ಹಾಕುತ್ತಾರೆ. ಹಿಲ್ಲೆವಿಯ ಎದುರಾಳಿ ಪರ್ತ್‌ನಿಂದ ಬರುವವರಿದ್ದರು. ಅವರ ಟಿಕೆಟ್ಟೂ ಆಗಿತ್ತು. ಊರಲ್ಲಿ ಅವಳ ಅಮ್ಮ ಸಭೆಯ ದಿನಕ್ಕೆಂದು ಹೊಸ ಉಡುಪು ಹೊಲಿಸಿಕೊಂಡು, ಬೀದಿಯವರಿಗೆಲ್ಲ ತೋರಿಸಿಯೂ ಮುಗಿಸಿದ್ದರು.

ಹಿಲ್ಲೆವಿಗೆ ಮಾತು ಕಡಿಮೆ. ಬೆಳಗಿನ ಕಾಫಿಯ ಹೊತ್ತಿಗೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂರಲೇಬೇಕು, ತಪ್ಪಿಸಿಕೊಂಡರೆ ಹುಡುಕಿಕೊಂಡು ಬರುತ್ತಾರೆ. ಅವಳು ಕಿಟಕಿಯ ತುದಿಗೆ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೇರೆಯವರ ಮಾತಿಗೆ ಮನಸ್ಸಿನಲ್ಲೇ ಉತ್ತರ ಹೇಳುತ್ತಿದ್ದಳು. ಒಳ್ಳೆಯ ಉತ್ತರ ಹೊಳೆಯುವಷ್ಟರಲ್ಲಿ ಲೋಟಗಳನ್ನು ತೊಳೆದಿಡುವ ಸದ್ದಾಗುತ್ತಿತ್ತು. ಪ್ರಯೋಗಾಲಯದ ಶೀತಕೋಣೆಯಲ್ಲಿ ಅವಳಿಗೆ ಹಿತ. ಅಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಪಾಲಕ್ ಎಲೆ ಅರೆಯುವವರ ಜೊತೆ ಯಾರೂ ಹರಟೆಗೆ ನಿಲ್ಲುವುದಿಲ್ಲ.

ತನ್ನ ಪುಸ್ತಕದ ವಿಷಯವನ್ನು ಅವಳು ಅಮ್ಮನಿಗೂ ಒಮ್ಮೆ ತಿಳಿಸಿ ಹೇಳಿದ್ದಳು. ಗಿಡದ ಜೀವಕೋಶದೊಳಗೆ ಮೈಟೋಕಾಂಡ್ರಿಯಗಳೆಂಬ ಸಣ್ಣ ಒಲೆಗಳಿವೆ, ಉಸಿರಾಟದ ಉರಿಯೆಲ್ಲ ಅಲ್ಲಿಯದು. ಆ ಒಲೆಗೆ ಬೇಕಾದ ಪ್ರೋಟೀನುಗಳಲ್ಲಿ ಕೆಲವೇ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಹೊರಗೆ ತಯಾರಾಗಿ ಒಳಗೆ ಬರಬೇಕು. ಹಾಗೆ ಬರುವ ಬಹುಪಾಲು ಪ್ರೋಟೀನುಗಳ ಮುಂದುಗಡೆ ಒಂದು ಜುಟ್ಟು ಇರುತ್ತದೆ. ಹೊರಬಾಗಿಲು ಆ ಜುಟ್ಟನ್ನು ಗುರುತಿಸಿ ದಾರಿ ಬಿಡುತ್ತದೆ. ಮುದುಡಿಕೊಂಡಿರುವ ಪ್ರೋಟೀನು ಬಿಚ್ಚಿಕೊಂಡು, ಸೂಜಿಯ ಕಣ್ಣಿಗೆ ನೂಲು ಹೊಗುವ ಹಾಗೆ ತೂರಬೇಕು. ಒಳಪೊರೆಯಲ್ಲಿ ಇರುವ ವಿದ್ಯುತ್ತಿನ ಸೆಳೆತ ಜುಟ್ಟು ಹಿಡಿದು ಎಳೆದುಕೊಳ್ಳುತ್ತದೆ. ಒಳಗೆ ಬಂದ ಮೇಲೆ ಒಂದು ಕತ್ತರಿ ಜುಟ್ಟನ್ನು ಕತ್ತರಿಸಿ ಹಾಕುತ್ತದೆ. ಪ್ರಾಣಿಗಳಲ್ಲಿ ಈ ಕತ್ತರಿ ಬಿಡಿಯಾಗಿ ಓಡಾಡಿಕೊಂಡಿದೆ. ಗಿಡಗಳಲ್ಲಿ ಮಾತ್ರ ಅದು ಉಸಿರಾಟದ ಯಂತ್ರಕ್ಕೇ ಬೆಸೆದುಕೊಂಡು ಕೂತಿದೆ. ಯಾಕೆ ಹಾಗೆ ಎಂದು ಯೋಚಿಸುತ್ತ ಹಿಲ್ಲೆವಿ ಮೊದಲ ವರ್ಷ ಎಷ್ಟೋ ಸಲ ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದಳು.

ಗಿಡಗಳಿಗೆ ಇನ್ನೊಂದು ತೊಡಕಿದೆ. ಅವುಗಳ ಜೀವಕೋಶದಲ್ಲಿ ಬಿಸಿಲು ಹಿಡಿಯುವ ಹಸಿರು ಚೀಲಗಳೂ ಇವೆ, ಕ್ಲೋರೋಪ್ಲಾಸ್ಟುಗಳು. ಅವಕ್ಕೂ ಬಾಗಿಲುಂಟು, ಅವಕ್ಕೂ ಜುಟ್ಟಿನ ಪ್ರೋಟೀನುಗಳೇ ಬೇಕು. ಎರಡು ಮನೆಯ ಜುಟ್ಟುಗಳೂ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಬರೆದಿಟ್ಟುಕೊಂಡು ನೋಡಿದರೂ ಮೋಸ ಹೋಗಬಹುದು. ಆದರೂ ಬದುಕಿರುವ ಎಲೆಯೊಳಗೆ ಮನೆ ತಪ್ಪುವುದು ಅಪರೂಪ. ಕೆಲವು ಪ್ರೋಟೀನುಗಳು ಮಾತ್ರ ಒಂದೇ ಜುಟ್ಟು ಹೊತ್ತು ಎರಡು ಮನೆಗೂ ಹೋಗುತ್ತವೆ, ಎರಡು ಕಡೆಯೂ ದುಡಿಯುತ್ತವೆ. ಅಂಥ ಹೊಸದೊಂದನ್ನು ತಾನು ಕಂಡುಕೊಂಡಿದ್ದೇನೆ ಎಂಬುದೇ ಹಿಲ್ಲೆವಿಯ ನಾಲ್ಕನೆಯ ಅಧ್ಯಾಯ. ಮೊದಲ ಮೂರು ಅಧ್ಯಾಯಗಳು ವಿಜ್ಞಾನ ಪತ್ರಿಕೆಗಳಲ್ಲಿ ಬಂದಾಗಿತ್ತು. ನಾಲ್ಕನೆಯದು ಎಲ್ಲೂ ಬಂದಿರಲಿಲ್ಲ, ಆದರೆ ಪುಸ್ತಕಕ್ಕೆ ಹೆಸರು ಬಂದದ್ದು ಅದರಿಂದಲೇ. ಪರ್ತ್‌ನವರು ಬರಲು ಒಪ್ಪಿದ್ದೂ ಅದಕ್ಕೇ.

ಪಕ್ಕದ ಮೇಜಿನ ಯೌನಿ ಕ್ಲೋರೋಪ್ಲಾಸ್ಟಿನವನು. ಉತ್ತರದ ಗಡಿಯ ಟೋರ್ನೆ ನದಿಯ ಕಡೆಯ ಉದ್ದ ಕಾಲಿನ ಹುಡುಗ, ಫಿನ್ನಿಶ್ ಹಾಡು ಗುನುಗುತ್ತ ಬಟಾಣಿ ಸಸಿ ಬೆಳೆಸುತ್ತಿದ್ದ. ಅವನದೊಂದು ಪ್ರೋಟೀನು ಇತ್ತು. ಅದು ಕ್ಲೋರೋಪ್ಲಾಸ್ಟಿನದೇ, ಬೇರೆಲ್ಲೂ ಕಂಡವರಿಲ್ಲ. ಅವನ ಲೇಖನ ಓದಿದ ಪರಿಶೀಲಕರು, ಅದು ಮೈಟೋಕಾಂಡ್ರಿಯಕ್ಕೆ ಹೋಗುವುದಿಲ್ಲವೆಂದು ಒಂದು ಚಿತ್ರ ಹಾಕಿ ತೋರಿಸು ಎಂದಿದ್ದರು. ಸೋಮವಾರ ಬೆಳಿಗ್ಗೆ ಅವನು ಹಿಲ್ಲೆವಿಯ ಮುಂದೆ ಖಾಲಿ ನಳಿಕೆ ಹಿಡಿದು ನಿಂತ.

"ಹಿಲ್ಲೆ, ನಿನ್ನ ಮೈಟೋಕಾಂಡ್ರಿಯ ಒಂಚೂರು ಕಡ ಕೊಡೇ. ನಮ್ಮ ಹುಡುಗ ನಿಮ್ಮನೆ ಕಡೆ ತಲೆ ಹಾಕಿಯೂ ಮಲಗಲ್ಲ ಅಂತ ಸಾಬೀತು ಮಾಡ್ಬೇಕಂತೆ."

ಅವಳು ಕೊಟ್ಟಳು. ಕೆಲಸ ಗೊತ್ತಿರುವುದೇ. ಪ್ರೋಟೀನಿಗೆ ವಿಕಿರಣದ ಗುರುತು ಹಾಕಿ ಮೈಟೋಕಾಂಡ್ರಿಯದ ಜೊತೆ ಬಿಡುವುದು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಉಳಿದುದನ್ನೆಲ್ಲ ತಿಂದುಹಾಕುವ ಕಿಣ್ವವನ್ನು ಸುರಿಯುವುದು. ಒಳಗೆ ಹೊಕ್ಕದ್ದು ಮಾತ್ರ ಬದುಕುತ್ತದೆ, ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಜುಟ್ಟು ಕಳೆದುಕೊಂಡದ್ದರ ಗೆರೆ ಒಂದಿಷ್ಟು ಕೆಳಗೆ. ಮರುದಿನ ಯೌನಿ ಒದ್ದೆ ಫಿಲ್ಮನ್ನು ಎರಡು ಬೆರಳಲ್ಲಿ ತೂಗಾಡಿಸಿಕೊಂಡು ಬಂದ. ಅವನ ಮುಖದಲ್ಲಿ ನಗುವಿತ್ತು, ಆದರೆ ಅದು ಪೂರ್ತಿ ನಗುವಲ್ಲ.

"ನಮ್ಮ ಹುಡುಗ ನಿಮ್ಮನೇಲಿ ಊಟ ಮಾಡಿ, ಜುಟ್ಟೂ ಬೋಳಿಸ್ಕೊಂಡು ಮಲಗಿದಾನೆ ಕಣೇ."

ಗೆರೆ ದಟ್ಟವಾಗಿತ್ತು. ಹಿಲ್ಲೆವಿ ಅದನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಮೊದಲು ಅವಳಿಗೆ ತೋಚಿದ್ದು ಕೊಳೆ: ತನ್ನ ಮೈಟೋಕಾಂಡ್ರಿಯದ ಜೊತೆ ಒಡೆದ ಕ್ಲೋರೋಪ್ಲಾಸ್ಟಿನ ಚೂರುಗಳು ಸೇರಿಕೊಂಡಿರಬಹುದು, ಪ್ರೋಟೀನು ಹೊಕ್ಕಿರುವುದು ಅವುಗಳ ಒಳಕ್ಕೇ. ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಆ ಮಧ್ಯಾಹ್ನವೇ ಚಳಿಯಲ್ಲಿ ಮಾರುಕಟ್ಟೆಗೆ ಹೋಗಿ ಒಂದು ಚೀಲ ಆಲೂಗಡ್ಡೆ ತಂದಳು. ಆಲೂಗಡ್ಡೆ ನೆಲದೊಳಗೆ ಬೆಳೆಯುವಂಥದು, ಅದರಲ್ಲಿ ಹಸಿರಿಲ್ಲ, ಕ್ಲೋರೋಪ್ಲಾಸ್ಟಿನ ಗೊಡವೆಯೇ ಇಲ್ಲ. ಸಿಪ್ಪೆ ಹೆರೆದು, ಹಿಂಡಿ, ಸೋಸಿ, ಯಂತ್ರದಲ್ಲಿ ಗರಗರ ಸುತ್ತಿಸಿ ತೆಗೆದ ಮೈಟೋಕಾಂಡ್ರಿಯಕ್ಕೆ ಯೌನಿಯ ಪ್ರೋಟೀನು ಹಾಕಿದಳು. ಅದು ಆ ಮನೆಗೂ ನಿಸ್ಸಂಕೋಚವಾಗಿ ಹೊಕ್ಕಿತು. ಒಳಪೊರೆಯ ವಿದ್ಯುತ್ತನ್ನು ಇಳಿಸಿಟ್ಟ ನಳಿಕೆಯಲ್ಲಿ ಮಾತ್ರ ಹೊಗಲಿಲ್ಲ. ಅಂದರೆ ಅಂಟಿಕೊಂಡದ್ದಲ್ಲ, ನಿಜವಾಗಿಯೇ ಬಾಗಿಲಿನಿಂದ ಹೋದದ್ದು.

ಅಲ್ಲಿಗೆ ಹೋಗಬಾರದ್ದೇ ಹೋಗುತ್ತದೆಂದ ಮೇಲೆ, ತನ್ನದು ಹೋಯಿತೆಂಬುದಕ್ಕೆ ಏನು ಬೆಲೆ? ನಾಲ್ಕನೆಯ ಅಧ್ಯಾಯ ನಿಂತದ್ದು ಇಂಥದೇ ಎರಡು ನಳಿಕೆಗಳ ಮೇಲೆ. ಒಂದರಲ್ಲಿ ಬರೀ ಕ್ಲೋರೋಪ್ಲಾಸ್ಟು, ಇನ್ನೊಂದರಲ್ಲಿ ಬರೀ ಮೈಟೋಕಾಂಡ್ರಿಯ. ಎರಡರಲ್ಲೂ ಅವಳ ಪ್ರೋಟೀನು ಒಳಗೆ ಹೋಗಿತ್ತು. ಅದನ್ನು ಕಂಡು, ಇದು ಎರಡು ಮನೆಯದು ಎಂದು ಹೆಸರಿಟ್ಟುಬಿಟ್ಟಿದ್ದಳು. ಅವಳೊಬ್ಬಳೇ ಅಲ್ಲ, ಈ ಕೆಲಸ ಮಾಡುವವರೆಲ್ಲ ಹಾಗೇ ಮಾಡುತ್ತಿದ್ದರು. ಬೇರೆ ಬೇರೆ ಮಾಡಿ ಶುದ್ಧವಾಗಿ ನೋಡುವುದೇ ಅವರು ಕಲಿತ ವಿದ್ಯೆ.

ಸ್ಟೆಲ್ಲನ್ ಅವಳ ಮಾರ್ಗದರ್ಶಕ. ಹಿಮ ಬಿದ್ದ ದಿನವೂ ಸೈಕಲ್ಲಿನಲ್ಲೇ ಬರುವ ಪ್ರೊಫೆಸರು, ಅವನನ್ನೂ ಎಲ್ಲರ ಹಾಗೆ ಹೆಸರು ಹಿಡಿದೇ ಕರೆಯುವುದು. ಅವಳು ಎರಡು ಫಿಲ್ಮುಗಳನ್ನೂ ಅವನ ಮೇಜಿನ ಮೇಲಿಟ್ಟಳು. ಅವನಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಪ್ಯಾಂಟಿನ ಕಾಲಿಗೆ ಸಿಕ್ಕಿಸಿದ್ದ ಸೈಕಲ್ಲಿನ ಪಟ್ಟಿಯನ್ನು ಬಿಚ್ಚುತ್ತ, ಹಾಕುತ್ತ ಯೋಚಿಸಿದ. ಆಮೇಲೆ ನಿಧಾನವಾಗಿ ಹೇಳಿದ್ದೇನೆಂದರೆ, ಪುಸ್ತಕ ಶುಕ್ರವಾರ ಮುದ್ರಣಕ್ಕೆ ಹೋಗಬೇಕು, ಸಭಾಂಗಣ ಹಿಡಿದಾಗಿದೆ, ಎದುರಾಳಿ ಅರ್ಧ ಭೂಮಿ ಸುತ್ತಿ ಬರುತ್ತಿದ್ದಾರೆ. ಈಗ ಮುಂದೂಡಿದರೆ ಬೇಸಿಗೆ ದಾಟಿ ಶರತ್ಕಾಲಕ್ಕೆ ಹೋಗುತ್ತದೆ. ಅವಳ ಸಂಬಳ ಮಾತ್ರ ಅಲ್ಲಿಯತನಕ ಬರುವುದಿಲ್ಲ.

"ನಿನ್ನ ನಳಿಕೇಲಿ ಕಂಡಿದ್ದನ್ನೇ ಬರ್ದಿದೀಯ. ಸುಳ್ಳೇನೂ ಬರೆದಿಲ್ವಲ್ಲ," ಎಂದ.

"ಕಂಡಿದ್ದು ಸುಳ್ಳಲ್ಲ ಸ್ಟೆಲ್ಲನ್. ನಾನು ಅದಕ್ಕೆ ಕೊಟ್ಟ ಅರ್ಥ ಸುಳ್ಳಿರ್ಬಹುದು."

ಅವನು ತಲೆಯಾಡಿಸಿದ. ಮುಂದೂಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಹೇಳು ಎಂದಷ್ಟೇ ಹೇಳಿದ. ಹೊರಗೆ ಬಂದ ಹಿಲ್ಲೆವಿಗೆ ಅಳು ಬರಬೇಕಿತ್ತು. ಬಂದದ್ದು ಬೇರೆ ಏನೋ. ಜೀವಂತ ಎಲೆಯಲ್ಲಿ ಎರಡು ಮನೆಗಳೂ ಗೋಡೆಗೆ ಗೋಡೆ ತಾಗಿಸಿಕೊಂಡಿರುತ್ತವೆ. ಅಲ್ಲಿ ಯಾವ ಪ್ರೋಟೀನಿಗೂ ಯಾರೂ ಒಂದೇ ಬಾಗಿಲು ತೋರಿಸುವುದಿಲ್ಲ. ತಾವು ನಳಿಕೆಯಲ್ಲಿ ಒಂದೇ ಬಾಗಿಲು ಇಟ್ಟು, ಹೋಗುತ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದರು. ಬೇರೆ ದಾರಿ ಇಲ್ಲದಾಗ ಅದು ಹೋಯಿತು. ಎರಡು ಬಾಗಿಲನ್ನೂ ಒಟ್ಟಿಗೇ ಇಟ್ಟರೆ?

ಅವಳು ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ನೇರ ಯೌನಿಯ ಮೇಜಿಗೆ ಹೋಗಿ ಕೇಳಿಬಿಟ್ಟಳು. ಅವಳು ತಾನಾಗಿ ಬಂದು ಮಾತಾಡಿದ್ದು ಕಂಡೇ ಅವನಿಗೆ ಅಚ್ಚರಿಯಾಗಿ ಕೈಯಲ್ಲಿದ್ದ ಬನ್ನು ಕೆಳಗಿಟ್ಟ.

"ಅಲ್ವೇ, ಹಗಲೆಲ್ಲ ಅವೆರಡನ್ನ ಬೇರೆ ಮಾಡೋದಕ್ಕೇ ನಾವು ಬೆನ್ನು ಮುರ್ಕೊಳೋದು. ಈಗ ವಾಪಸ್ ಕಲೆಸ್ಬೇಕಾ?"

"ಕಲೆಸಿ, ಆಮೇಲೆ ಮತ್ತೆ ಬೇರೆ ಮಾಡ್ಬೇಕು."

"ನಿಂಗೆ ಹುಚ್ಚು," ಎಂದು ಅವನು ಕೋಟು ತೊಟ್ಟುಕೊಂಡ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅವನ ಕ್ಲೋರೋಪ್ಲಾಸ್ಟಿಗೆ ಹಿಡಿಸುವ ಉಪ್ಪುನೀರು ಅವಳ ಮೈಟೋಕಾಂಡ್ರಿಯಕ್ಕೆ ಹಿಡಿಸದು. ಅವಳದರಲ್ಲಿ ಅವನವು ಉಬ್ಬಿ ಒಡೆಯುತ್ತಿದ್ದವು. ಬಟಾಣಿಯ ಹಸಿರು, ಪಾಲಕ್ಕಿನ ಮೈಟೋಕಾಂಡ್ರಿಯ, ಎರಡೂ ಸಹಿಸುವಂಥ ಒಂದು ನಡುವಿನ ನೀರನ್ನು ಹುಡುಕಬೇಕಿತ್ತು. ಮೊದಲ ನಳಿಕೆಯನ್ನು ಯಂತ್ರದಲ್ಲಿ ಸುತ್ತಿಸಿ ಹೊರತೆಗೆದಾಗ ಮೇಲಿಂದ ಕೆಳತನಕ ಒಂದೇ ಹಸಿರಾಗಿತ್ತು. ಯೌನಿ ಅದನ್ನು ಬೆಳಕಿಗೆ ಹಿಡಿದು, ಉಪ್ಪು ಖಾರ ನೋಡಿ ಬಡಿಸೋಣವೇ ಎಂದ. ಎರಡನೆಯದರಲ್ಲಿ ತಿಂದುಹಾಕುವ ಕಿಣ್ವವನ್ನು ಹಾಕುವುದನ್ನೇ ಮರೆತು, ಇಬ್ಬರೂ ಪರಸ್ಪರ ಅದು ನಿನ್ನ ಪಾಳಿ ಎಂದು ಜಗಳವಾಡಿದರು. ಜಗಳವಾಡುವುದು ಅಷ್ಟೇನೂ ಕಷ್ಟದ್ದಲ್ಲ ಎಂದು ಹಿಲ್ಲೆವಿಗೆ ಅನ್ನಿಸಿತು. ಕಡೆಗೆ ನಿಧಾನವಾಗಿ ಸುತ್ತಿಸಿದರೆ ಭಾರದ ಕ್ಲೋರೋಪ್ಲಾಸ್ಟುಗಳು ತಳಕ್ಕೆ ಕೂತು, ಹಗುರ ಮೈಟೋಕಾಂಡ್ರಿಯಗಳು ಮೇಲಿನ ನೀರಲ್ಲೇ ತೇಲುತ್ತ ಉಳಿಯುತ್ತವೆಂದು ಗೊತ್ತಾಯಿತು. ಮೇಲಿನದನ್ನು ಬಸಿದು ಮತ್ತೆ ಜೋರಾಗಿ ಸುತ್ತಿಸಿದಾಗ ನಳಿಕೆಯ ತಳದಲ್ಲಿ ತೆಳು ಕಂದು ಬಣ್ಣದ ಒಂದು ಚುಕ್ಕೆ. ಹಸಿರು ಸುಳಿದಿರಲಿಲ್ಲ.

ಮೊದಲು ಹಾಕಿದ್ದು ಯೌನಿಯ ಪ್ರೋಟೀನು. ಜೊತೆಗೆ ಇನ್ನೊಂದು ನಳಿಕೆಗೆ, ಮೈಟೋಕಾಂಡ್ರಿಯದ್ದೇ ಎಂದು ಯಾರಿಗೂ ಸಂಶಯವಿಲ್ಲದ ಪ್ರೋಟೀನೊಂದನ್ನು ಹಾಕಿದರು. ಕಲೆಸಾಟದಲ್ಲಿ ಮೈಟೋಕಾಂಡ್ರಿಯಗಳು ಸತ್ತುಹೋಗಿದ್ದರೆ ಅದು ಹೇಳಿಬಿಡುತ್ತದೆ. ಗುರುವಾರ ಬೆಳಿಗ್ಗೆ ಕತ್ತಲಕೋಣೆಯ ಕೆಂಪು ಬೆಳಕಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಫಿಲ್ಮು ತೊಳೆಯುವ ತಟ್ಟೆಯನ್ನು ನೋಡುತ್ತ ನಿಂತರು. ಮೈಟೋಕಾಂಡ್ರಿಯದ ಪ್ರೋಟೀನು ತನ್ನ ಮನೆಗೇ ಹೋಗಿತ್ತು. ಯೌನಿಯದು ಕ್ಲೋರೋಪ್ಲಾಸ್ಟಿನ ಸಾಲಲ್ಲಿ ಕಪ್ಪಗೆ ಮೂಡಿತು. ಪಕ್ಕದ ಸಾಲಿನಲ್ಲಿ, ಅಂದರೆ ಎರಡು ದಿನದ ಹಿಂದೆ ಅದು ಉಂಡು ಮಲಗಿದ್ದ ಮೈಟೋಕಾಂಡ್ರಿಯದ ಸಾಲಿನಲ್ಲಿ, ಏನೂ ಬರಲಿಲ್ಲ. ಕಾದರೂ ಬರಲಿಲ್ಲ.

ಎರಡು ಬಾಗಿಲು ಕಂಡ ಮೇಲೆ ಅದಕ್ಕೆ ದಾರಿ ತಪ್ಪಲಿಲ್ಲ. ನಳಿಕೆ ಈಗ ನ್ಯಾಯ ಹೇಳುತ್ತಿತ್ತು.

ಇನ್ನು ಉಳಿದದ್ದು ಹಿಲ್ಲೆವಿಯದು. ಅದರ ನಳಿಕೆ ಮಂಜುಗಡ್ಡೆಯ ಡಬ್ಬಿಯಲ್ಲಿ ಗುರುತು ಹಾಕಿಸಿಕೊಂಡು ತಯಾರಾಗಿತ್ತು. ಅವಳು ಪಿಪೆಟ್ಟು ಹಿಡಿದಳು, ಮತ್ತೆ ಕೆಳಗಿಟ್ಟಳು. ಯೌನಿ ಬಾಗಿಲು ಮುಚ್ಚಿ ಬಂದು ಸ್ಟೂಲಿನ ಮೇಲೆ ಕೂತ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಈಗ ಹಾಕ್ಬೇಡ್ವೇ. ನಾಳೆ ಪುಸ್ತಕ ಹೋಗ್ಲಿ, ಮೊಳೆ ಹೊಡೆಯೋದೂ ಆಗ್ಲಿ, ಆಮೇಲೆ ಹಾಕು. ಇವತ್ತು ಹಾಕಿಲ್ಲ ಅಂತ ಯಾರಿಗೆ ಗೊತ್ತಾಗ್ಬೇಕು?"

ಅವನು ಹೇಳಿದ್ದರಲ್ಲಿ ಮೋಸವೂ ಇರಲಿಲ್ಲ. ಮಾಡದ ಪ್ರಯೋಗದ ಫಲಿತವನ್ನು ಬರೆಯಲಿಲ್ಲವೆಂದು ಯಾರೂ ಯಾರನ್ನೂ ಹಿಡಿದು ಕೇಳುವುದಿಲ್ಲ. ಅಮ್ಮನ ಹೊಸ ಉಡುಪು, ಸ್ಟೆಲ್ಲನ್ ಕೊಟ್ಟ ಗಡುವು, ಅರ್ಧ ಭೂಮಿ ಸುತ್ತಿ ಬರುವವರು, ಎಲ್ಲ ಅವಳ ಕಣ್ಣ ಮುಂದೆ ಬಂದವು. ನಿಜಕ್ಕೂ ಅವಳಿಗೆ ಹೆದರಿಕೆಯಾಗಿತ್ತು. ಆದರೆ ಮಂಜುಗಡ್ಡೆಯೊಳಗಿನ ಆ ಚಿಕ್ಕ ನಳಿಕೆ, ಒಳಗೇನಿದೆಯೆಂದು ಗೊತ್ತಿಲ್ಲದ ಪೊಟ್ಟಣದ ಹಾಗೆ ಅವಳನ್ನು ಸೆಳೆಯುತ್ತಿತ್ತು. ಒಂದು ವಾರ ಅದನ್ನು ಬಿಚ್ಚದೆ ಹೇಗೆ ಇರುವುದು?

"ನಂಗೆ ಗೊತ್ತಾಗ್ಬೇಕಲ್ಲ ಯೌನಿ," ಎಂದು ಪಿಪೆಟ್ಟು ಎತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಫಿಲ್ಮು ತೊಳೆಯಲು ಅವಳೊಬ್ಬಳೇ ಹೋದಳು. ಕ್ಲೋರೋಪ್ಲಾಸ್ಟಿನ ಸಾಲಲ್ಲಿ ಅವಳ ಪ್ರೋಟೀನಿನ ಗೆರೆ ಮೊದಲು ಬೂದು ಬಣ್ಣವಾಗಿ, ಆಮೇಲೆ ಕಪ್ಪಾಗಿ ಬಂತು. ಮೈಟೋಕಾಂಡ್ರಿಯದ ಸಾಲು ಹಾಗೇ ತಿಳಿಯಾಗಿತ್ತು. ಅವಳು ತಟ್ಟೆಯನ್ನು ತೂಗಿದಳು, ಫಿಲ್ಮನ್ನು ತಿರುಗಿಸಿದಳು, ತುದಿ ಎತ್ತಿ ಓರೆಯಾಗಿ ನೋಡಿದಳು. ತಿಳಿಯಾಗಿಯೇ ಇತ್ತು. ಪಕ್ಕದಲ್ಲೇ ಮೈಟೋಕಾಂಡ್ರಿಯದ ಸ್ವಂತ ಪ್ರೋಟೀನಿನ ಗೆರೆ ಗಟ್ಟಿಯಾಗಿ ನಿಂತಿದ್ದರಿಂದ ಮೈಟೋಕಾಂಡ್ರಿಯ ಸತ್ತಿತ್ತು ಎನ್ನುವ ನೆಪವೂ ಇಲ್ಲ. ಅವಳದು ಎರಡು ಮನೆಯದಲ್ಲ. ನಾಲ್ಕನೆಯ ಅಧ್ಯಾಯ ತಪ್ಪು.

ಕೆಂಪು ಬೆಳಕಲ್ಲಿ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಅತ್ತಳು. ಆದರೆ ಮುಖ ಒರೆಸಿಕೊಳ್ಳುವಾಗಲೇ ಅವಳ ತಲೆ ಬೇರೆಡೆಗೆ ಓಡಿತ್ತು. ಒಂಟಿಯಾಗಿ ಸಿಕ್ಕಾಗ ಬಾಗಿಲು ತೆರೆಯುವ ಮೈಟೋಕಾಂಡ್ರಿಯ, ಪಕ್ಕದಲ್ಲಿ ಕ್ಲೋರೋಪ್ಲಾಸ್ಟು ಇದ್ದಾಗ ಯಾಕೆ ತೆರೆಯುವುದಿಲ್ಲ? ಅದಕ್ಕೆ ನೆರೆಮನೆಯ ಸುದ್ದಿ ಹೇಗೆ ತಿಳಿಯುತ್ತದೆ? ಅಥವಾ ಅದಕ್ಕೇನೂ ತಿಳಿಯುವುದಿಲ್ಲ, ಕ್ಲೋರೋಪ್ಲಾಸ್ಟಿನ ಬಾಗಿಲೇ ಮೊದಲು ಎಳೆದುಕೊಂಡುಬಿಡುತ್ತದೆಯೋ?

ಸ್ಟೆಲ್ಲನ್ ಫಿಲ್ಮನ್ನು ನೋಡಿ ನಿಟ್ಟುಸಿರಿಟ್ಟ, ಆದರೆ ಆ ನಿಟ್ಟುಸಿರಿನಲ್ಲಿ ಸಮಾಧಾನವೂ ಇತ್ತು. ಮೂರು ಅಧ್ಯಾಯ ಸಾಕು, ನಾಲ್ಕನೆಯದನ್ನು ತೆಗೆದುಬಿಡು, ಹೆಸರು ಬದಲಿಸು, ಗುರುವಾರ ಗುರುವಾರವೇ ಇರಲಿ ಎಂದ. ಒಳ್ಳೆಯ ದಾರಿಯೇ. ಹಿಲ್ಲೆವಿ ಒಪ್ಪಿದಳು, ಬಾಗಿಲತನಕ ಹೋದಳು, ಅಲ್ಲಿಂದ ತಿರುಗಿ ಬಂದಳು. ಸಾಮಾನ್ಯವಾಗಿ ಅವಳು ಹಾಗೆ ತಿರುಗಿ ಬರುವವಳಲ್ಲ.

"ತೆಗೀತೀನಿ. ಆದ್ರೆ ಆ ಜಾಗದಲ್ಲಿ ಒಂದು ಪುಟ ಹಾಕ್ತೀನಿ. ಎರಡೂ ಫಿಲ್ಮು, ಒಂಟಿ ನಳಿಕೇದು, ಜೋಡಿ ನಳಿಕೇದು. ಕೆಳಗೆ, ಇದು ಯಾಕೆ ಅಂತ ನಂಗೆ ಗೊತ್ತಿಲ್ಲ ಅಂತ ಬರೀತೀನಿ."

"ಗೊತ್ತಿಲ್ಲ ಅನ್ನೋದನ್ನ ಯಾರೂ ಹಲಗೆಗೆ ಹೊಡೆಯಲ್ಲ ಹಿಲ್ಲೆವಿ. ಎದುರಾಳಿ ಎರಡು ಗಂಟೆ ಹೊತ್ತು ಅದೊಂದೇ ಪುಟದ ಮೇಲೆ ಕೂತ್ಕೋತಾರೆ."

"ಕೂತ್ಕೊಳ್ಳಲಿ. ಅವರಿಗೇನಾದ್ರೂ ಗೊತ್ತಿದ್ರೆ ನಾನೂ ಕೇಳ್ಬಹುದು."

ಅವನು ಅವಳನ್ನು ನೋಡಿದ, ಆಮೇಲೆ ಮುದ್ರಣಾಲಯದ ಫೋನ್ ನಂಬರು ಬರೆದುಕೊಟ್ಟ. ಫೋನ್ ಮಾಡುವುದೆಂದರೆ ಹಿಲ್ಲೆವಿಗೆ ಹಲ್ಲು ಕೀಳಿಸಿಕೊಂಡಷ್ಟು ಹಿಂಸೆ. ಹೇಳಬೇಕಾದುದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಮಾಡಿದಳು. ಅತ್ತಲಿನ ಹೆಂಗಸು, ಪುಟ ಕಡಿಮೆಯಾದರೆ ಪುಸ್ತಕದ ಬೆನ್ನು ತೆಳ್ಳಗಾಗಿ ಅದರ ಮೇಲೆ ಹೆಸರು ಅಚ್ಚಾಗುವುದಿಲ್ಲ, ಪರವಾಗಿಲ್ಲವಾ ಎಂದು ಕೇಳಿದಳು. ಪರವಾಗಿಲ್ಲ ಎಂದಳು ಹಿಲ್ಲೆವಿ.

ಗುರುವಾರ ಮೆಟ್ಟಿಲ ಬಳಿ ಜನ ಸೇರಿದ್ದರು. ಹಲಗೆಯ ಮೇಲೆ ದಪ್ಪ ದಪ್ಪ ಪುಸ್ತಕಗಳು ತೂಗುತ್ತಿದ್ದವು. ಅವುಗಳ ನಡುವೆ ಹಿಲ್ಲೆವಿಯದು ಶಾಲೆಯ ಮಗುವಿನ ನೋಟುಬುಕ್ಕಿನಂತೆ ಕಾಣುತ್ತಿತ್ತು. ಮೊದಲ ಏಟು ತಪ್ಪಿ ಮೊಳೆ ಬಾಗಿತು, ಯಾರೋ ನಕ್ಕರು, ಅವಳೂ ನಕ್ಕು ಇನ್ನೊಂದು ಮೊಳೆ ಕೇಳಿ ತೆಗೆದುಕೊಂಡು ನೆಟ್ಟಗೆ ಹೊಡೆದಳು. ಚಪ್ಪಾಳೆಯಾಯಿತು. ಎಲ್ಲರೂ ಕೇಕಿನ ಮೇಜಿನತ್ತ ಸರಿದರು.

ಯೌನಿ ಮಾತ್ರ ಹಲಗೆಯ ಬಳಿಯೇ ನಿಂತು, ದಾರ ಎಳೆದು, ಕಡೆಯ ಪುಟ ಬಿಡಿಸಿ ನೋಡುತ್ತಿದ್ದ. ತನ್ನ ಹುಡುಗನ ಗೆರೆಯೂ ಅಲ್ಲಿ ಅಚ್ಚಾಗಿತ್ತು. ಹಿಲ್ಲೆವಿ ತಟ್ಟೆ ಹಿಡಿದು ಅವನ ಪಕ್ಕಕ್ಕೆ ಬಂದಳು. ಬಾಯಲ್ಲಿ ಕೇಕಿತ್ತು, ನುಂಗುವತನಕ ಕಾಯುವಷ್ಟು ತಾಳ್ಮೆ ಇರಲಿಲ್ಲ.

"ಯೌನಿ, ನಾವು ಎರಡನ್ನೂ ಸಮಸಮ ಹಾಕಿದ್ವಲ್ಲ. ಕ್ಲೋರೋಪ್ಲಾಸ್ಟನ್ನ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ರೆ ಏನಾಗುತ್ತೆ?"

"ಆಗ ನಮ್ಮನೆ ಬಾಗಿಲ ಮುಂದೆ ನೂಕುನುಗ್ಗಲು. ಕಾದು ಸಾಕಾದೋರು ನಿಮ್ಮನೆಗೆ ಬರ್ತಾರೆ."

"ನಂಗ್ಯಾಕೋ ಬರಲ್ಲ ಅನ್ಸುತ್ತೆ."

"ಬರ್ತಾರೆ ಕಣೇ."

"ಬಟಾಣಿ ಎಷ್ಟು ದಿನದ್ದಿದೆ ನಿನ್ನ ಹತ್ರ?" ಎಂದು ಅವಳು ತಟ್ಟೆಯನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು, ಸಸಿಗಳ ಕೋಣೆಯತ್ತ ನಡೆದಳು.